ಅಂಕಣಕ್ಕೆ ಹಚ್ಚಿದ ಎಣ್ಣೆ

ಹಾಲೇಶಣ್ಣ,

ಕ್ರೀಡಾಂಗಣಕ್ಕೆ ಹೊರಟೆ. ಮಹಿಳೆಯರ ಅಂತರರಾಷ್ಟ್ರೀಯ ಫುಟ್ಸಾಲ್ ಟೂರ್ನಿ, ಅದೇ ಒಳಾಂಗಣದ ಫುಟ್ಬಾಲ್, ನಾಳೆ ಶುರು. ನೇಪಾಳದ ಹುಡುಗಿಯರು ಹಂಪಿ ನೋಡಿಕೊಂಡು ಇವತ್ತು ಮಧ್ಯಾಹ್ನವೇ ಅಭ್ಯಾಸಕ್ಕೆ ಬರುತ್ತಾರೆ.

"ಪರದೇಶದವ್ರು ಬರ್ತಾರ, ನೆಲ ಫಳಫಳ ಅನ್ನಲಿ" ಅಂತ ಕ್ರೀಡಾಂಗಣದ ಉಸ್ತುವಾರಿ ಹೊತ್ತ ನೀನು ಮನೆ ಬಾಗಿಲಿಗೆ ಹಚ್ಚುವ ಹಾಗೆ ಮರದ ಅಂಕಣಕ್ಕೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿಸಿದ್ದೀಯ. ಊಹೆಯ ಮಾತಲ್ಲ, ನಿನ್ನೆ ಸಂಜೆ ಸುಮ್ಮನೆ ನಡೆಯುವಾಗಲೇ ನಾನು ಜಾರಿದೆ. ಚೆಂಡಿನ ಹಿಂದೆ ಓಡುವವಳ ಮೊಣಕಾಲು ಏನಾದೀತು?

ಮನೆಯಲ್ಲಿದ್ದ ಸೀಗೆಪುಡಿ ಒಯ್ದಿದ್ದೇನೆ. ಸಾಲದು. ಇನ್ನಷ್ಟು ಕೊಂಡು, ಹಳೇ ಪಂಚೆಗಳನ್ನೂ ತಗೊಂಡು ಜಲ್ದಿ ಬಾ. ಅವ್ವನಿಗೆ ಹೇಳಬ್ಯಾಡ.

ತೊಳೆದು ಒರೆಸಿದ ಮೇಲೆ ಮೊದಲು ನಾನೇ ಓಡಿ ನೋಡುತ್ತೇನೆ. ನಾನು ಬಿದ್ದರೆ, ಆ ಹುಡುಗಿಯರು ಒಳಗೆ ಕಾಲಿಡದ ಹಾಗೆ ಮೊದಲು ಬಾಗಿಲಿಗೆ ಬೀಗ ಹಾಕು. ಆಮೇಲೆ ನನ್ನನ್ನು ಎತ್ತು.

ಐಶ್ವರ್ಯ