ತಿಪ್ಪೆಗೆ ಬಿದ್ದ ಚಪ್ಪಾಳೆ

ಅಗರ, ಗುರುವಾರ

ಮೀನಾ ಮೇಡಂ ಅವರಿಗೆ,

ನಿಮ್ಮ ಕಾಲೇಜಿನ ‘ಮಣ್ಣು ಉಳಿಸುವ’ ಕೋರ್ಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುವ ಕೆಂಪಾಜಮ್ಮನ ನಮಸ್ಕಾರ. ಮುಂದಿನ ತಿಂಗಳ ತರಗತಿಯವರೆಗೆ ಕಾಯಲು ನನ್ನಿಂದಾಗದು. ಅದಕ್ಕೇ ಕೊಳ್ಳೇಗಾಲಕ್ಕೆ ಹೊರಟಿರುವ ಪಕ್ಕದ ಮನೆಯ ಪುಷ್ಪನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ಪರೀಕ್ಷೆಗೆಂದು ಹೊಲದ ಹತ್ತು ಕಡೆ ಅಗೆದು ಮಣ್ಣು ತನ್ನಿ ಎಂದಿದ್ದಿರಿ. ನಾನು ಹಾಗೆ ಮಾಡಲಿಲ್ಲ. ಕಾಲೇಜಿಗೆ ಕೊಡುವಾಗ ಚೆನ್ನಾಗಿರುವುದನ್ನೇ ಕೊಡಬೇಕೆಂದು, ಹಳೆಯ ತಿಪ್ಪೆ ಇದ್ದ ಜಾಗದ ಕಪ್ಪು ಮಣ್ಣನ್ನು ಜರಡಿ ಹಿಡಿದು ತಂದೆ. ನೀವು ಅದರ ವರದಿಯನ್ನು ಎಲ್ಲರಿಗೂ ಓದಿ ಹೇಳಿ ಚಪ್ಪಾಳೆ ತಟ್ಟಿಸಿದಿರಿ. ಐವತ್ತೆರಡು ವರ್ಷಕ್ಕೆ ಸಿಕ್ಕ ಮೊದಲ ಚಪ್ಪಾಳೆ. ನಿಜ ಹೇಳಲು ಬಾಯಿ ಬರಲಿಲ್ಲ.

ಈಗ ನಮ್ಮ ಯಜಮಾನರು ಆ ವರದಿಯನ್ನು ಗೋಡೆಗೆ ಅಂಟಿಸಿದ್ದಾರೆ. “ನಮ್ಮೊಲಕ್ಕೆ ಈ ವರ್ಸ ಗೊಬ್ಬರ ಬ್ಯಾಡ, ಕಾಲೇಜ್ನೋರೇ ಬರ್ದವ್ರೆ” ಎಂದು ಇರುವ ಗೊಬ್ಬರವನ್ನೆಲ್ಲ ನನ್ನ ಮೈದುನ ರಂಗರಾಜುವಿಗೆ ಕೊಡಲು ಒಪ್ಪಿಬಿಟ್ಟಿದ್ದಾರೆ. ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರ್ ಬರುತ್ತದೆ.

“ಅದು ತಿಪ್ಪೆ ಮಣ್ಣು ಕಣ್ರೀ” ಎಂದೆ.

“ಓದಿರೋರ್ಗೆ ಅಷ್ಟೂ ಗೊತ್ತಾಗಲ್ವಾ? ಸುಮ್ಕಿರಮ್ಮಿ” ಎಂದರು.

ಕಾಗದದ ಜೊತೆ ಕಳಿಸಿರುವ ಚೀಲದಲ್ಲಿ ಹತ್ತು ಕಡೆಯ ಮಣ್ಣಿದೆ. ಗರಿಕೆಯೂ ಹುಟ್ಟದ ಮೂಲೆಯದನ್ನೂ ಹಾಕಿದ್ದೇನೆ. ಪರೀಕ್ಷೆ ನಿಧಾನಕ್ಕಾಗಲಿ. ಆದರೆ ಹಳೆಯ ವರದಿ ನಮ್ಮ ಹೊಲದ್ದಲ್ಲ ಎಂದು ಒಂದು ಸಾಲು ಬರೆದು, ಮೊಹರು ಹಾಕಿ, ಇವತ್ತೇ ಪುಷ್ಪನ ಕೈಲಿ ಕಳಿಸಿ. ನನ್ನ ಮಾತು ನಂಬದವರು ಮೊಹರನ್ನು ನಂಬುತ್ತಾರೆ.

ಆವತ್ತಿನ ಚಪ್ಪಾಳೆ ತಿಪ್ಪೆಗೆ ಸಂದಿತು, ಮೇಡಂ. ಹೊಲ ಇನ್ನೂ ಪರೀಕ್ಷೆಗೆ ಕೂತಿಲ್ಲ. ನಾನೂ ಅಷ್ಟೇ.

ನಿಮ್ಮ ವಿದ್ಯಾರ್ಥಿನಿ,
ಕೆಂಪಾಜಮ್ಮ