ಹಿಂಬದಿಯ ಗೆರೆಗಳು

ಮನೆಯಿಂದ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ತಾನೇ? ನಾವು ಹೇಗೋ ಇದ್ದೇವೆ. ಬಡಾವಣೆಯ ಸಭೆಗಳಿಗೆ ಅಲೆದು ಅಲೆದು ನನಗಂತೂ ಸಾಕಾಗಿದೆ.

ನಿಮ್ಮ ಕಾರ್ಖಾನೆಯ ಸೋಲಾರ್ ಫಲಕಗಳನ್ನು ಇಲ್ಲಿನ ಆಸ್ಪತ್ರೆಯ ಮಾಳಿಗೆಗೆ ಹಾಕಿದ್ದರಲ್ಲ, ಲಸಿಕೆ ಇಡುವ ಫ್ರಿಜ್ಜು ನಡೆಯುವುದು ಅವುಗಳಿಂದಲೇ. ಈಚೆಗೆ ಕರೆಂಟು ಸಾಲುತ್ತಿರಲಿಲ್ಲ. ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ಮೇಲೆ ಹತ್ತಿ, ಬೇರೆ ಫಲಕಗಳ ಮುಖದಲ್ಲಿರುವ ಬೆಳ್ಳಿಗೆರೆಗಳು ಇವುಗಳಲ್ಲಿ ಇಲ್ಲದ್ದು ಕಂಡು, ‘ಇವು ಡಮ್ಮಿ ಕಣ್ರೀ, ಕಿತ್ ಬಿಸಾಕಿ’ ಎಂದು ತೀರ್ಪು ಕೊಟ್ಟರು. ತಾವೇ ಪಕ್ಕದಲ್ಲಿ ಕೂರಿಸಿದ ನೀರಿನ ಟ್ಯಾಂಕಿನ ನೆರಳು ಅರ್ಧ ಫಲಕಗಳ ಮೇಲೆ ಬಿದ್ದಿರುವುದು ಮಾತ್ರ ಆ ಮಹಾನುಭಾವರಿಗೆ ಕಾಣಲಿಲ್ಲ. ವಾಚನಾಲಯದಲ್ಲಿ ಬೆಳಕು ಸಾಲದೆಂದು ನಾವು ದೂರಿದಾಗ ಕಿಟಕಿಗೆ ಬೀರು ಅಡ್ಡ ಇಡಿಸಿದವರೂ ಇವರೇ. ಊರು ಮರೆತಿರಬಹುದು, ನಾನು ಮರೆತಿಲ್ಲ.

ಫಲಕ ನಕಲಿಯೆಂದು ಹೇಳಿಸಲು ಸಭೆಗೆ ಯಾರನ್ನು ಕರೆಸಿದರು ಗೊತ್ತೇ? ಅಪ್ಪನನ್ನು. ಫಲಕದೊಳಗಿನ ಸೆಲ್ಲುಗಳ ಮುಖದ ಮೇಲೆ ತಂತಿಪಟ್ಟಿ ಬೆಸೆಯುತ್ತಲೇ ಆಯಸ್ಸು ಕಳೆದವರು. ಗೆರೆಗಳನ್ನೆಲ್ಲ ಹಿಂಬದಿಗೆ ಒಯ್ದ ನಿನ್ನ ವಿನ್ಯಾಸ ತಮ್ಮ ಕೈಕೆಲಸವನ್ನೇ ನುಂಗಿತೆಂದು ನಿನ್ನೊಡನೆ ಮಾತು ಬಿಟ್ಟವರು. ನೀನು ತಂದು ತೋರಿಸಿದ ಮಾದರಿ ಸೆಲ್ಲನ್ನು ಕಸಕ್ಕೆ ಹಾಕಿದೆ ಎಂದಿದ್ದರಲ್ಲ. ಆ ಸೇಡು ಇಂದು ತೀರುತ್ತದೆ, ಫ್ರಿಜ್ಜಿನ ಕತೆಯೂ ಮುಗಿಯುತ್ತದೆ ಎಂದು ನಾನು ತಲೆ ತಗ್ಗಿಸಿ ಕುಳಿತಿದ್ದೆ.

ಅವರು ಚೀಲದಿಂದ ತಮ್ಮ ಹಳೆಯ ಕೆಲಸದ ಅಂಗಿಯ ಗಂಟೊಂದನ್ನು ತೆಗೆದರು. ಒಳಗೆ ಅದೇ ಸೆಲ್ಲು! ಒಂದು ಕಡೆ ನುಣ್ಣನೆಯ ಕಪ್ಪು. ಮಗುಚಿದರೆ, ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಹೊಕ್ಕಂತೆ ಗೆರೆಗಳು. ‘ಗೆರೆ ಇಲ್ಲಿದೆ ನೋಡ್ರಪ್ಪಾ. ಮುಂದಿದ್ರೆ ಅಷ್ಟು ಬಿಸಿಲಿಗೆ ಅಡ್ಡ. ಅದಕ್ಕೇ ನನ್ನ ಮಗ ಹಿಂದಕ್ಕೆ ಹಾಕಿದಾನೆ. ಮೊದ್ಲು ನಿಮ್ಮ ಟ್ಯಾಂಕ್ ಎತ್ತಿಸ್ರಿ’ ಎಂದರು. ನನ್ನ ಮಗ ಎನ್ನುವ ಮಾತನ್ನು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಫಲಕಗಳು ಉಳಿದವು. ಟ್ಯಾಂಕ್ ಸರಿಸಲು ಇನ್ನೊಂದು ಸಭೆಯಂತೆ. ಅದಕ್ಕೂ ಹೋಗುತ್ತೇನೆ, ಇನ್ನೇನು ಮಾಡಲಿ.

ಮೈ ಕಡೆ ನಿಗಾ ಇರಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ: ಸಭೆಯಿಂದ ಬರುವಾಗ ಬಸ್ಸಿನ ನೂಕುನುಗ್ಗಲಲ್ಲಿ ಆ ಸೆಲ್ಲಿನ ಮೂಲೆ ಮುರಿಯಿತು. ಅಪ್ಪ ಈಗ ತಾನೇ ಬಂದು, ‘ಇನ್ನೊಂದು ಬೇಕು ಅಂತ ಬರಿ’ ಎಂದರು. ಅಂಚೆಯಲ್ಲಿ ಕಳಿಸಲು ಹೇಳಲೇ ಎಂದೆ. ‘ಒಡೆದು ಹೋಗತ್ತೆ. ಕೈಯಲ್ಲೇ ಹಿಡ್ಕೊಂಡು ಬರ್ಲಿ.’