ತೊಟ್ಟಿಯ ತಳ

೩-೧೧-೬೩, ಭಾನುವಾರ

ತೊಟ್ಟಿಯ ಕೆಸರು ಎಳೆದು ತೆಗೆಯಲು ಪೈಪನ್ನು ಅಟ್ಟದಿಂದ ಇಳಿಸಿದೆ. ಮೂವತ್ತು ಅಡಿ ರಬ್ಬರ್. ತಂಗಿಯ ಮಗ ಪ್ರೇಮಾನಂದ ಬೊಂಬಾಯಿಯ ಹೋಟೆಲಿನಿಂದ ಕಳಿಸಿ ಎರಡು ವರ್ಷವಾಯಿತು. ಇಲಿ ಒಂದು ಕಡೆ ಕಚ್ಚಿದೆ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ.

ಮಗಳು ಕುಸುಮ ತೊಟ್ಟಿಗೆ ಇಳಿಯದೆ ಐದು ತಿಂಗಳು. ಅವಳಮ್ಮ ಪ್ರಭಾವತಿ ತೀರಿಹೋದಂದಿನಿಂದ. ಪೋಲಿಯೋ ಕಾಲಿಗೆ ನೀರಿನಲ್ಲಿ ನಡಿಗೆ — ಡೈಲಿ, ವಿದೌಟ್ ಫೇಲ್ — ಅಂತ ಡಾಕ್ಟರ್ ಹೇಳಿದ್ದಕ್ಕೇ ಅಂಗಳದಲ್ಲಿ ಮುರಕಲ್ಲಿನ ತೊಟ್ಟಿ ಕಟ್ಟಿಸಿದ್ದು. ಗೋಡೆ ನನ್ನ ಎದೆಮಟ್ಟ, ಉದ್ದ ಹತ್ತು ಅಡಿ, ಒಂದು ತುದಿಗೆ ಒಳಗೂ ಹೊರಗೂ ಮೆಟ್ಟಿಲು. ಮೊನ್ನೆ ಡಾಕ್ಟರ್ ಮತ್ತೆ ಕಾಲು ಅಳೆದರು. ಮತ್ತಷ್ಟು ಸಪುರವಾಗಿದೆ, ಕೋಲಿನ ಹಾಗೆ. ಹೀಗೇ ಬಿಟ್ಟರೆ ನಿಲ್ಲುವುದೇ ಕಷ್ಟ ಅಂದರು. ಹನ್ನೊಂದು ವರ್ಷದ ಹುಡುಗಿ.

ತಳದಲ್ಲಿ ನಾಲ್ಕು ಬೆರಳು ಹಾವಸೆ, ಕೆಸರು, ಅಡಿಯಲ್ಲಿ ಹೊಯ್ಗೆ — ಬರೀ ಮರಳು. ಮಳೆಯ ಕೆಲಸ ಇರಬೇಕು. ಪ್ರಭಾವತಿ ಶನಿವಾರ ಶನಿವಾರ ಸೀರೆ ಎತ್ತಿ ಕಟ್ಟಿ ಇಳಿದು, ತೆಂಗಿನ ಗೆರಟೆಯಲ್ಲಿ ಬಳಿದು ತೆಗೆಯುತ್ತಿದ್ದಳು. "ಹ್ವಾಯ್, ಆ ಪೈಪ್ ಒಂದ್ ಜೋಡ್ಸಿ ಕೊಡ್ತ್ರಿಯಾ?" — "ನಾಳೆ." ಎರಡು ವರ್ಷದ ನಾಳೆ.

ಅವಳನ್ನು ಒಯ್ದ ಜ್ವರ ನೀರಿನಿಂದ ಬಂದದ್ದಲ್ಲ ಅಂದರು ಡಾಕ್ಟರ್. ಅಂದರು...

೫-೧೧, ಮಧ್ಯಾಹ್ನ

ದೊಡ್ಡ ಗೆರಟೆಯ ಕಣ್ಣು ಕೊರೆದು ಪೈಪಿನ ತುದಿ ತೂರಿಸಿದೆ. ಸುತ್ತ ಮೇಣ. ಬಿದಿರು ಕೋಲಿಗೆ ಕಟ್ಟಿದೆ. ನೀರಿಗಿಳಿಸಿದರೆ ತೇಲುತ್ತದೆ. ಇನ್ನೊಂದು ತುದಿ ಬಾಯಲ್ಲಿಟ್ಟು ಎಳೆದೆ. ಮೊದಲು ಗಾಳಿ. ಆಮೇಲೆ ಬಾಯಿ ತುಂಬ ಹಾವಸೆ.

ಮೀನಿನ ಸೀತು ಬುಟ್ಟಿ ಇಳಿಸಿ ನಿಂತು ನೋಡಿದಳು. "ಎಂತ ಶೆಟ್ರೆ, ಟಾಂಕಿ ಕುಡ್ದೇ ಖಾಲಿ ಮಾಡ್ತ್ರಿಯಾ?"

ಕುಸುಮ ನಕ್ಕಳು. ಐದು ತಿಂಗಳ ಮೇಲೆ.

ಗೆರಟೆ ಮುಳುಗಲು ಬಲೆಗೆ ಕಟ್ಟುವ ಸೀಸದ ಗುಂಡು ತಂದುಕೊಡುತ್ತೇನೆ ಅಂದಳು ಸೀತು. ಇಂಟರ್‌ಮೀಡಿಯೇಟಿನಲ್ಲಿ ಓದಿದ್ದೆ — ನೇಚರ್... ಎಂತದೋ... ಎ ವ್ಯಾಕ್ಯೂಮ್. ಖಾಲಿ ಜಾಗ ಪ್ರಕೃತಿಗೆ ಆಗದು ಅಂತ ಅರ್ಥ; ನಡುವಿನ ಶಬ್ದ ಮರೆತಿದೆ.

೬-೧೧, ಸಂಜೆ

ಆಯಿತು! ಸೀತುವಿನ ಸೀಸಕ್ಕೆ ಗೆರಟೆ ಮುಳುಗಿತು. ಉಳಿದ ತಪ್ಪು ಗಾಳಿಯದ್ದು. ಪೈಪನ್ನು ಸುತ್ತು ಸುತ್ತಾಗಿ ಪೂರ್ತಿ ನೀರಿನೊಳಗೆ ಮುಳುಗಿಸಬೇಕು. ಗುಳ್ಳೆ ನಿಲ್ಲುವ ತನಕ ಕಾಯಬೇಕು. ತುದಿಗೆ ಹೆಬ್ಬೆರಳು ಒತ್ತಿ ಗೋಡೆ ದಾಟಿಸಿ, ತೆಂಗಿನ ಬುಡಕ್ಕೆ ತಗ್ಗಿಸಿ ಬೆರಳು ಬಿಡಬೇಕು. ಕಂದು ನೀರು ತಾನಾಗಿ ಹರಿಯಿತು. ಗೆರಟೆ ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಕೆಸರು ಏಳುತ್ತದೆ.

"ಅಪ್ಪಯ್ಯ, ಅಷ್ಟ್ ಸಾಕ್. ತಳದ್ ಪೂರಾ ತೆಗೂದ್ ಬ್ಯಾಡ," ಅಂದಳು ಕುಸುಮ ಚಾವಡಿಯಿಂದ.

"ಅರ್ಧಂಬರ್ಧ ಕೆಲಸ ನಂಗಾತಿಲ್ಲೆ," ಅಂದೆ. ಯಾಕೆ ಅಂತ ಕೇಳಲಿಲ್ಲ. ಹೊಯ್ಗೆಯನ್ನೂ ಒಂದು ಕಾಳು ಬಿಡದೆ ಎಳೆದೆ. ಸಿಮೆಂಟು ಕನ್ನಡಿಯ ಹಾಗಾಯಿತು. ಪರ್ಫೆಕ್ಟ್ಲಿ ಕ್ಲೀನ್.

ಎರಡು ಗಂಟೆಯ ಕೆಲಸ. ಅವಳಿದ್ದಾಗಲೇ ಮಾಡಬಹುದಿತ್ತು.

೯-೧೧, ಶನಿವಾರ

ಕುಸುಮ ಇಳಿದಳು. ಗೋಡೆ ಹಿಡಿದು ಒಂದು ಹೆಜ್ಜೆ. ಎರಡನೆಯದಕ್ಕೆ ಕಾಲು ಜಾರಿ ಪೂರ್ತಿ ಒಳಗೆ. ನಾನು ಹೊರಗೆ, ನಡುವೆ ಗೋಡೆ. ಬಗ್ಗಿ ಜಡೆಗೆ ಕೈ ಹಾಕಿ ಎಳೆದೆ. ಕೆಮ್ಮಿದಳು, ಅಳಲಿಲ್ಲ.

"ಅಮ್ಮ ಒಳ್ಗೇ ನಿಂತ್ಕಂತಿದ್ದಿತ್," ಅಂದಳು. ಅಷ್ಟೇ.

೧೭-೧೧

ಬರೆಯಲು ಮನಸ್ಸಿರಲಿಲ್ಲ. ಕುಸುಮ ತೊಟ್ಟಿಯ ಕಡೆ ತಿರುಗಿ ನೋಡುತ್ತಿಲ್ಲ.

ಇವತ್ತು ಸೀತು ಬಂದವಳು ತೊಟ್ಟಿಗೆ ಇಣುಕಿದಳು. "ಹೊಯ್ಗಿ ಎಲ್ಲ್ ಹೋಯ್ತ್?"

"ತೆಗ್ದ್ ಹಾಕ್ದೆ. ಕಸ."

"ಅಯ್ಯೋ ದೇವ್ರೆ! ಕಸ ಅಲ್ದ ಮಾರಾಯ್ರೆ! ಹೆಣ್ಣಿನ್ ಕಾಲ್ ಜಾರುಕಾಗ ಅಂದ್ಹೇಳಿ ನಿಮ್ಮನಿ ಪ್ರಭಾವತಿ ಅಮ್ಮ ನನ್ನತ್ರ ಕೊರವಡಿ ಕಡ್ಲ್ ಬದಿಂದ ತರ್ಸ್ತಿದ್ರ್. ತೊಳ್ದ್ ತೊಳ್ದ್ ಹಾಸ್ತಿದ್ರ್. ನಿಮ್ಗ್ ಗೊತ್ತೇ ಇಲ್ಯಾ?"

ತೊಟ್ಟಿಗೆ ಇಣುಕಿದೆ. ಬರೀ ಸಿಮೆಂಟು.

"ನೀವ್ ಒಂದ್ ದಿನ ಇಳ್ದಿದ್ರೆ ಅಂಗಾಲಿಗ್ ಗೊತ್ತಾತಿತ್."

ತೊಟ್ಟಿ ಕಟ್ಟಿಸಿ ಮೂರು ವರ್ಷ. ನನ್ನ ಆರಾಮ ಕುರ್ಚಿಯಿಂದ ತೊಟ್ಟಿಗೆ ಹನ್ನೆರಡು ಹೆಜ್ಜೆ — ಇವತ್ತು ಅಳೆದೆ. ಎದುರಿಗೇ ಬಸ್ಸಿನ ದಾರಿ. ಪಂಚೆ ಎತ್ತಿ ಕಟ್ಟಿ ಟ್ಯಾಂಕಿಗಿಳಿದರೆ ಕಂಡವರು ಏನಂದಾರು ಅಂತ ಪೇಪರಿನ ಹಿಂದೆ ಕೂತಿದ್ದೆ. ಜೆಂಟಲ್‌ಮನ್.

೨೩-೧೧, ಶನಿವಾರ

ಸೀತು ಎರಡು ಬುಟ್ಟಿ ಹೊಯ್ಗೆ ತಂದಳು. ನಾನೇ ತೊಳೆದೆ, ಏಳು ನೀರಿನಲ್ಲಿ. ಮೊದಲ ನೀರಿಗೇ ಸೊಂಟ ಹಿಡಿಯಿತು. ಪ್ರಭಾವತಿ ಒಮ್ಮೆಯೂ ಸೊಂಟ ನೋವು ಅಂದವಳಲ್ಲ. ಅಂದಿದ್ದಳೋ ಏನೋ...

ಗೋಡೆಯ ಹೊರಗಿನಿಂದಲೇ ಸುರಿದು ಕೋಲಿನಿಂದ ಹರಡಿದೆ. ಗೆರಟೆಗೆ ಮೂರು ಬಿದಿರಿನ ಕಾಲು ಕಟ್ಟಿದೆ, ಹೆಬ್ಬೆರಳಷ್ಟು ಎತ್ತರ. ಈಗ ಪೈಪು ಹಾವಸೆಯನ್ನಷ್ಟೇ ಎಳೆಯುತ್ತದೆ. ಹೊಯ್ಗೆ ಅಲ್ಲೇ ಕೂರುತ್ತದೆ.

ಕುಸುಮಳನ್ನು ಕರೆದು ತೋರಿಸಿದೆ. "ಲಾಯ್ಕ್ ಆಯ್ತ್," ಅಂದಳು. ಹೊಯ್ಗೆಯನ್ನೇ ನೋಡುತ್ತ, "ಆರೆ ನೀವ್ ಹೊರ್ಗ್ ನಿಂತ್ರೆ ನಾ ಇಳೂದಿಲ್ಲ."

"ನಾಳೆ ಕಾಂಬ," ಅಂದೆ. ಬಾಯಿಗೆ ಅದೇ ಬಂತು.

೨೪-೧೧, ಬೆಳಿಗ್ಗೆ ಏಳೂವರೆ

ಬಸ್ಸು ಇನ್ನೂ ಹೋಗಿಲ್ಲ. ಹೋಗುವ ತನಕ ಕಾಯುವ ಅಂತ ಕೂತು ಇದನ್ನು ಬರೆಯುತ್ತಿದ್ದೇನೆ. ಕುಸುಮ ಹಳೆಯ ಲಂಗ ಉಟ್ಟು ತೊಟ್ಟಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಸಪುರದ ಕಾಲನ್ನು ಕೈಯಿಂದ ಎತ್ತಿ ಆಗಲೇ ನೀರಿಗಿಟ್ಟಿದ್ದಾಳೆ.

ಬಸ್ಸಿನ ಹಾರನ್. ನಮ್ಮೂರು ಕುಂಭಾಶಿಯವರೆಲ್ಲ ಬಸ್ಸಿನ ಕಿಟಕಿಯಲ್ಲೇ ಇರುತ್ತಾರೆ.

"ಹ್ವಾಯ್ ಅಪ್ಪಯ್ಯ! ಇವತ್ತೂ ನಾಳಿಯಾ?"

ಅವಳ ಅಮ್ಮನದೇ ಸ್ವರ. ಅಲ್ಲ ಮಗಾ. ಕನ್ನಡಕ ತೆಗೆದಿಟ್ಟೆ, ಅಕ್ಷರ ಕಾಣುತ್ತಿಲ್ಲ. ಪಂಚೆ ಎತ್ತಿ ಕಟ್ಟಿ —